ಮೊಣಕಾಲು

ಎಂಟು ಹೊಡೆಯಲು ಇನ್ನೂ ಎರಡು ನಿಮಿಷ.
ಕೋಟು ಬಿಚ್ಚಿ ಕುರ್ಚಿಗೆ ಹಾಕುವುದರೊಳಗೆ
ಫೋನಿನ ಮೇಲೆ ಕೆಂಪು ದೀಪ: ಹದಿನೇಳು ಜನ ಸಾಲಿನಲ್ಲಿ.
ಕಣ್ಣಿಗೆ ಕಾಣದ ಸಾಲು. ಒಬ್ಬರು ಹಾಸಿಗೆಯಲ್ಲಿ,
ಒಬ್ಬರು ರಸ್ತೆ ಬದಿಗೆ ನಿಲ್ಲಿಸಿದ ವ್ಯಾನಿನಲ್ಲಿ,
ಯಾರದೋ ಮಗು ರಿಸೀವರಿನೊಳಗೇ ಕೆಮ್ಮುತ್ತದೆ.

ಇರುವುದು ಒಂಬತ್ತು ಅಪಾಯಿಂಟ್‌ಮೆಂಟು.
ಡಾಕ್ಟರ್ ಪೆನ್ರಿ ಒಬ್ಬರೇ, ಇನ್ನೊಬ್ಬರು ಹೆರಿಗೆ ರಜೆಯಲ್ಲಿ.
ಎಂಟು ಹನ್ನೊಂದಕ್ಕೆ ಹಂಚಿ ಮುಗಿಯುತ್ತದೆ.
ಎಂಟು ಹನ್ನೆರಡಕ್ಕೆ ಸಿಕ್ಕವರಿಗೆ ನಾನು ಕೆಟ್ಟವಳು.

"ಏನು ತೊಂದರೆ ಅಂತ ಸ್ವಲ್ಪ ಹೇಳ್ತೀರಾ?"
ಕೇಳಲೇಬೇಕು, ಹಾಗೆಂದು ಬರೆದು ಗೋಡೆಗೆ ಅಂಟಿಸಿದ್ದಾರೆ.
ಎದೆನೋವೇ? ಉಸಿರಾಟವೇ? ಎಷ್ಟು ದಿನದಿಂದ?
"ನೀನೇನು ಡಾಕ್ಟರಾ?" ಎನ್ನುತ್ತಾರೆ.
ಅಲ್ಲ. ನಾನು ಬಾಗಿಲು.
ಒದೆ ಬೀಳುವುದು ಬಾಗಿಲಿಗೇ ತಾನೆ.

ಇದ್ವಾಲ್ ಮಾತ್ರ ಎಂದೂ ಬೈದವರಲ್ಲ.
ಕ್ವಾರಿಯಲ್ಲಿ ನಲವತ್ತು ವರ್ಷ ಸ್ಲೇಟು ಸೀಳಿದ ಕೈ,
ಚಾಪೆಲ್ಲಿನ ಹಾಡಿನಲ್ಲಿ ಎಲ್ಲರಿಗಿಂತ ತಗ್ಗಿನ ದನಿ.
ಫೆಬ್ರವರಿಯಲ್ಲಿ ಫೋನು: "ಮೆನ್ನಾಳ ಮಗಳಲ್ಲವೇ ನೀನು?
ಮೊಣಕಾಲು ಕಣಮ್ಮಾ."
ಹೊತ್ತು ಕೊಟ್ಟೆ, ಬರಲಿಲ್ಲ.
ಮಾರ್ಚಿಯಲ್ಲೂ ಮೊಣಕಾಲು. ಬಂದರು, ಹತ್ತು ನಿಮಿಷ ಒಳಗೆ ಕೂತರು,
ಮುಲಾಮಿನ ಚೀಟಿ ಹಿಡಿದು ಹೊರಟವರು
ಬಾಗಿಲ ಹಿಡಿಯ ಮೇಲೆ ಕೈಯಿಟ್ಟು
ಏನೋ ಮರೆತವರಂತೆ ನಿಂತೇ ಇದ್ದರು.
ಏಪ್ರಿಲಿನಲ್ಲಿ ಮತ್ತೆ.
ಯಾವ ಕಾಲು ಎಂದೆ. ಎಡ ಎಂದರು.
ಕಂಪ್ಯೂಟರಿನಲ್ಲಿ ಬಲ ಎಂದಿತ್ತು.

ಮರುದಿನ ಅವರೇ ಬಂದು ನಿಂತರು, ಗಾಜಿನಾಚೆ,
ಟೋಪಿ ಕೈಯಲ್ಲಿ. ಹಿಂದೆ ಐದು ಕುರ್ಚಿ, ಐದು ಜನ,
ಹಳೆಯ ಮ್ಯಾಗಜೀನು ಮುಖಕ್ಕೆ ಹಿಡಿದು
ಕಿವಿ ಮಾತ್ರ ಹೊರಗಿಟ್ಟು.
ನಮ್ಮೂರಲ್ಲಿ ಗೋಡೆಗೆ ಕಿವಿ ಬೇಕಿಲ್ಲ,
ನೆರೆಹೊರೆಯವೇ ಸಾಕು.
"ಮೊಣ..." ಎಂದರು. ಅಲ್ಲಿಗೆ ನಿಂತಿತು.
ಊರೆಲ್ಲ ಸೇರಿದಾಗ ಎದೆ ತುಂಬಿ ಹಾಡುವ ಮನುಷ್ಯ,
ಒಂದು ಮಾತು ಗಂಟಲು ದಾಟದು.

ಗಾಜಿನ ಕೆಳಗಿನ ಸಂದಿಯಿಂದ
ಒಂದು ಹಳದಿ ಚೀಟಿ, ಒಂದು ಕಡ್ಡಿಪೆನ್ನು ತಳ್ಳಿದೆ.
ಉಳಿಯಿಂದ ಕೆತ್ತಿದ ಹಾಗೆ, ಒತ್ತಿ ಒತ್ತಿ ಬರೆದರು,
ನಾಲ್ಕು ಮಡಿಕೆ ಮಾಡಿ ಈಚೆ ನೂಕಿದರು.

ರಕ್ತ ಹೋಗ್ತಿದೆ. ಕ್ರಿಸ್‌ಮಸ್ಸಿನಿಂದ.

ನಾನು ಡಾಕ್ಟರಲ್ಲ. ಆದರೂ
ಬೆನ್ನಿನ ಮೇಲೆ ತಣ್ಣಗೆ ಏನೋ ಇಳಿಯಿತು.
ಪೆನ್ರಿಯವರ ಊಟದ ಅರ್ಧ ಗಂಟೆಯನ್ನು
ಅವರನ್ನು ಕೇಳದೆಯೇ ಕಿತ್ತುಕೊಂಡೆ,
ಐದೂ ಕುರ್ಚಿಗೆ ಕೇಳುವಂತೆ ದನಿಯೆತ್ತಿದೆ:
"ಮೊಣಕಾಲು ಅಲ್ವಾ ಇದ್ವಾಲ್? ಹನ್ನೆರಡೂವರೆಗೆ ಬನ್ನಿ.
ಬಹಳ ಅಲಕ್ಷ್ಯ ಮಾಡಿದ್ದೀರಿ ನೀವು, ಈ ಮೊಣಕಾಲನ್ನ."
ಟೋಪಿ ಹಾಕಿಕೊಂಡರು, ಮತ್ತೆ ತೆಗೆದರು.
ನನಗೆ ಕೈಮುಗಿದ ಹಾಗೋ, ಗಾಬರಿಯೋ, ತಿಳಿಯಲಿಲ್ಲ.
ಕೆಂಪು ದೀಪ ಮಿನುಗುತ್ತಿತ್ತು, ಸಾಲಿನಲ್ಲಿ ಇನ್ನೂ ನಾಲ್ಕು.

ಮೂರು ವಾರದ ಮೇಲೆ, ಬ್ರೆಡ್ಡಿನ ಅಂಗಡಿಯಲ್ಲಿ,
ಅವರ ತಂಗಿ ಎಲೂನೆಡ್ ನನ್ನ ತೋಳು ಹಿಡಿದಳು.
"ಮೊಣಕಾಲಿಗೆ ಬ್ಯಾಂಗರಿನ ಆಸ್ಪತ್ರೆಗೆ ಕಳಿಸ್ತಾರಾ?
ಅದೂ ರಾತ್ರಿಯೆಲ್ಲ ಉಪವಾಸ ಇರಿಸಿ?"
ಆ ಪತ್ರ ಹೋದದ್ದು ನನ್ನ ಕೈಯಿಂದಲೇ.
ಮರಳಿ ಬಂದ ಉತ್ತರವನ್ನು ತೆರೆದವಳೂ ನಾನೇ.
ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಕ್ಕೆ
ಸಂಬಳದ ಚೀಟಿಯಲ್ಲಿ ಕಾಲಂ ಇಲ್ಲ.
"ಅಲ್ಲಿ ದೊಡ್ಡ ಮಷೀನು ಇದೆ" ಎಂದೆ.
ಅವಳು ನನ್ನ ಮುಖ ನೋಡಿದಳು, ನಾನು ಬ್ರೆಡ್ಡು ನೋಡಿದೆ.
"ಮೊಣಕಾಲಿಗೆ?"
"ಮೊಣಕಾಲಿಗೇ" ಎಂದೆ.
ಅಂಗಡಿಯವಳಿಗೆ ಹೇಳಿದೆ, ಒಂದು ಕಂದು ಬ್ರೆಡ್ಡು ಕೊಡು,
ತೆಳ್ಳಗೆ ಸೀಳಿ.