ಮಸುಕು ಕಳೆಯುವ ಲೆಕ್ಕ

ಕಾರಟಗಿಯಲ್ಲಿ ಮಿಲ್ಲುಗಳು ಓಡುವ ತಿಂಗಳು
ಕೀಬೋರ್ಡಿನ ಸಂದಿಗೂ ತೌಡು.
ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ
ಬ್ರಷ್ಷು ಹಿಡಿದು ಅಕ್ಷರಗಳ ನಡುವೆ ಗುಡಿಸುತ್ತೇನೆ,
ಆಮೇಲೆ ಅಂಗಡಿ.

ಅಕ್ಕತಂಗಿ ಬಂದದ್ದು ಕರೆಂಟು ಬಂದ ಹೊತ್ತಿಗೆ.
ಫೋನಿನಲ್ಲಿ ಅವರವ್ವ, ಅಂಗಳದಲ್ಲಿ ಕೂತು
ಮರದಲ್ಲಿ ಅಕ್ಕಿ ಕೇರುತ್ತಿದ್ದಾಳೆ.
ಮೊಮ್ಮಗ ತೆಗೆದದ್ದು; ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ
ಸವೆದು ಬಂದ ಪಟ.
ಮುಖ ಪರವಾಗಿಲ್ಲ. ಮೂಗುಬೊಟ್ಟು ಮಿನುಗುತ್ತದೆ.
ಕೈ ಮಾತ್ರ ನಿಂತಿಲ್ಲ.

"ಮುಖ ಇರ್ಲಿ ಬಿಡ್ರಿ," ಅಂದಳು ಗ್ಯಾನಮ್ಮ,
"ಆ ಕೈಯಾಗಿನ ಹಚ್ಚಿ ಎದ್ದು ಕಾಣ್ಬೇಕು."

ಮೊಣಕೈ ಕೆಳಗೆ ಹಸಿರು ಸಾಲು.
ಮೊದಲ ಅಕ್ಷರ ಹು.
ಆಮೇಲೆ ನೀರಿಗೆ ಬಿದ್ದ ಶಾಯಿ.

ನನ್ನ ಕೆಲಸದ ಗುಟ್ಟೊಂದು ಹೇಳಿಬಿಡುತ್ತೇನೆ,
ಗಿರಾಕಿಗಳಿಗೆ ಹೇಳುವುದಿಲ್ಲ:
ಚೂಪು ಮಾಡುವ ಈ ಹತಾರದ ಹೆಸರೇ ಅನ್‌ಶಾರ್ಪ್.
ಅದು ಪಟದ್ದೊಂದು ಮಸುಕು ನಕಲು ಮಾಡಿಕೊಂಡು
ಅಸಲಿನಲ್ಲಿ ನಕಲನ್ನು ಕಳೆಯುತ್ತದೆ.
ಉಳಿದ ಶೇಷವೇ ಅಂಚು.
ಅಂಚಿನ ಈಚೆ ತುಸು ಬೆಳಕು ಸುರಿದು
ಆಚೆ ತುಸು ಕಪ್ಪು ಬಳಿದರೆ
ಕಣ್ಣು ಮೋಸಹೋಗಿ ಆಹಾ ಅನ್ನುತ್ತದೆ.
ಇಲ್ಲದ್ದನ್ನು ತರುವುದಿಲ್ಲ.
ಬೇಲಿ ಗಟ್ಟಿ ಮಾಡುತ್ತದೆ, ಅಷ್ಟೆ.

ಅಮೌಂಟು ಎಂಬತ್ತು, ರೇಡಿಯಸ್ಸು ಒಂದೂವರೆ.
ಬಳೆ ಚೂಪಾದವು. ಮರದ ಹೆಣಿಗೆ
ಕಡ್ಡಿಕಡ್ಡಿಯಾಗಿ ಎದ್ದು ನಿಂತಿತು.
ನೂರಿಪ್ಪತ್ತು. ನೂರೈವತ್ತು.
ಹಚ್ಚೆಯೊಳಗಿಂದ ಅಕ್ಷರದ ಬದಲು
ರವೆರವೆಯಾಗಿ ಬಣ್ಣದ ನುಚ್ಚು.
ತೋಳಿನ ಸುತ್ತ ಬಿಳಿ ಗೆರೆ,
ಬೇರೆ ಯಾರದೋ ಕೈ ಕತ್ತರಿಸಿ ಅಂಟಿಸಿದ ಹಾಗೆ.
ಮರ ಹಿಡಿದ ಮುದುಕಿಯ ವಿದ್ಯೆ
ಇದಕ್ಕೆ ಬಾರದು; ಹೊಟ್ಟನ್ನೂ ಕಾಳನ್ನೂ
ಒಂದೇ ಸಮ ಎತ್ತಿ ತೋರಿಸುತ್ತದೆ.

"ಹುಲಿಗೆಪ್ಪ ಅಂತ ಐತಿ," ಗ್ಯಾನಮ್ಮ.
"ನಮ್ಮಪ್ಪನ ಹೆಸರು. ಬಾಯಿ ಬಿಟ್ಟು ಹೇಳಾಕಿ ಅಲ್ಲ,
ಕೈಯಾಗ ಬರಿಸ್ಕೊಂಡಾಳ."

ಮಿಲ್ಲಿನ ಸೈರನ್ನು ಮುಗಿಯುವವರೆಗೆ
ಯಮನೂರಮ್ಮ ಸುಮ್ಮನಿದ್ದಳು.
"ಹುಸೇನಪ್ಪ," ಅಂದಳು.
"ನಿನಕಿಂತ ಮದ್ಲು ಒಂದು ಹುಟ್ಟಿ ತೀರಿತ್ತಲ್ಲ.
ನೀ ಗಂಡನ ಮನಿಗೆ ಹೋದ ಮ್ಯಾಲೆ
ಅವ್ವನ ಬಾಜೂಕ ನಾನ ಮಲಗ್ತಿದ್ದೆ.
ಅಲಾಯಿ ಹಬ್ಬ ಬಂತಂದ್ರ ರಾತ್ರಿಯೆಲ್ಲ
ಅದನ್ನ ತಿಕ್ಕಾಕಿ. ನೀವೆಲ್ಲ ತುರಿಕಿ ಅಂತಿದ್ರಿ."

ಗ್ಯಾನಮ್ಮ ನನ್ನ ಕಡೆ ತಿರುಗಿದಳು, ನಾನೇ ಪಂಚನೆಂಬಂತೆ.
"ನಿಮ್ಮ ಮಿಷಿನ್ನು ಏನಂತೈತಿ?"

ಲಿ ಬರೆಯಬಲ್ಲೆ. ಸೇ ಬರೆಯಬಲ್ಲೆ.
ಅದೇ ಹಸಿರು ಆರಿಸಿ, ಬ್ರಷ್ಷಿನ ತುದಿ ಮೂರಕ್ಕಿಳಿಸಿ
ಎರಡು ನಿಮಿಷದ ಕೆಲಸ.
ಮದುವೆಗೆ ಬಾರದ ಸೋದರಮಾವನನ್ನೇ
ಗ್ರೂಪ್ ಫೋಟೊದಲ್ಲಿ ನಿಲ್ಲಿಸಿದವನು ನಾನು.
ಮೌಸಿನ ಮೇಲೆ ಬೆರಳಿತ್ತು.
ಓದು ಬಾರದವಳು ಐವತ್ತು ವರ್ಷ
ಕೈಮೇಲೊಂದು ಹೆಸರು ಹೊತ್ತು
ಯಾರಿಗೂ, ಇದನ್ನೊಂಚೂರು ಓದಿ ಹೇಳು, ಅಂದಿಲ್ಲ.

"ಕೈ ಆಡ್ತಿತ್ರೀ," ಅಂದೆ.
"ಮಿಷಿನ್ನಿಗೆ ಅಷ್ಟ ಗೊತ್ತು."

ಹಿಂದಕ್ಕೆ ಬಂದೆ. ನೂರಿಪ್ಪತ್ತು, ಎಂಬತ್ತು.
ಹಚ್ಚೆಯ ಮೇಲೆ ಮಾಸ್ಕು ಎಳೆದು
ಅಲ್ಲಿ ಮಾತ್ರ ಸೊನ್ನೆ.
ಕಣ್ಣಿಗೆ ಸ್ವಲ್ಪ, ಮೂಗುಬೊಟ್ಟಿಗೆ ಸ್ವಲ್ಪ.
ಗಾಳಿಯಲ್ಲಿದ್ದ ಅಕ್ಕಿಯನ್ನು ಮುಟ್ಟಲಿಲ್ಲ.

"ಎರಡು ಹಾಕ್ರಿ."
ಯಾರು ಅಂದದ್ದೋ, ನಾನು ತೆರೆ ನೋಡುತ್ತಿದ್ದೆ.
ರೊಕ್ಕದ ಮಾತಿಗೆ ಇಬ್ಬರೂ ಒಂದಾಗಿ
ಫ್ರೇಮಿಗೆ ಎಪ್ಪತ್ತು ರೂಪಾಯಿ ಇಳಿಸಿದರು.

ಸೇವ್ ಒತ್ತಿದರೆ ಕಂಪ್ಯೂಟರು ಕೇಳಿತು: ಹೆಸರು?
ಹು
ಅಂತ ಹೊಡೆದು
ಎಂಟರ್ ಒತ್ತಿದೆ.