ಏಳ್ಮೂರ್ಲ ಇಪ್ಪತ್ತೊಂದು

ತೋರಣಗಲ್ಲಿನ ರನ್‌ವೇ ಕೆಂಧೂಳಿನಲ್ಲಿ ಮುಳುಗಿದೆ.
ಕಾಯಿರಿ, ಅಂದಿತು ಟವರು.
ಐದು ಸಾವಿರ ಅಡಿ, ಬಲ ತಿರುವು, ಒಂದೊಂದು ನಿಮಿಷದ ಗೆರೆ.
ಕಾಯುವುದೆಂದರೆ ಇಲ್ಲಿ ನಿಲ್ಲುವುದಲ್ಲ,
ನಿಂತರೆ ಬೀಳುತ್ತೇವೆ.

ಮೊದಲ ಸುತ್ತು ಕೆಟ್ಟಿತು.
ಕಾಗದದ ಮೇಲೆ ಬದಿ ಚಪ್ಪಟೆಯಾದ ಮೊಟ್ಟೆಯಂತಿದ್ದದ್ದು
ಆಕಾಶದಲ್ಲಿ ಜಗ್ಗಿದ ಚಪ್ಪಲಿಯಾಯಿತು,
ಗೆರೆ ಎಡಕ್ಕೆ ಉಳಿಯಿತು, ನಾವು ಬಲಕ್ಕೆ ತೇಲಿದೆವು.
ಕ್ಯಾಪ್ಟನ್ ಜರೀನಾ ಬೈಯಲಿಲ್ಲ.
ಕಿಟಕಿಯತ್ತ ಗದ್ದ ತೋರಿಸಿದರು ಅಷ್ಟೆ:
ಉಕ್ಕಿನ ಕಾರ್ಖಾನೆಯ ಚಿಮಣಿಗಳ ಹೊಗೆಯೆಲ್ಲ
ಸಂಡೂರು ಗುಡ್ಡಕ್ಕೆ ಬೆನ್ನು ಹಾಕಿ
ಈಶಾನ್ಯಕ್ಕೆ ಮಲಗಿತ್ತು.

ನನಗೆ ನೆನಪಾದವನು ಗಾಳೆಪ್ಪ ಮಾವ.
ಹೆಸರಲ್ಲಿ ಗಾಳಿ, ಬದುಕೆಲ್ಲ ನೀರು.
ತಳವಾರಘಟ್ಟದಿಂದ ಆನೆಗೊಂದಿಗೆ
ಡಾಂಬರು ಬಳಿದ ಹರಗೋಲಿನಲ್ಲಿ
ಕುರಿ, ಸೈಕಲ್ಲು, ಗೊಬ್ಬರದ ಚೀಲ, ಒಮ್ಮೆ ಒಬ್ಬ ಮದುಮಗಳು.
ಹುಟ್ಟನ್ನು ನನ್ನ ಕೈಗಿತ್ತು ಅನ್ನುತ್ತಿದ್ದ:
"ಇಳಿಯೋ ಕಟ್ಟಿ ನೋಡಬ್ಯಾಡ ಹುಲಿಗೆಮ್ಮಾ,
ಮ್ಯಾಲಕ ಆ ಕರಿಕಲ್ಲು ನೋಡಿ ಹೊಡಿ.
ಹೊಳಿನ ನಿನ್ನ ಕಟ್ಟಿಗೆ ತಂದು ಬಿಡ್ತದ."

ಒಳಬರುವ ಗೆರೆಗೆ ಆ ಮಾತು ಸಾಕು.
ಮುನ್ನೂರ ಹತ್ತರ ದಾರಿಗೆ
ಮೂಗು ಮುನ್ನೂರ ಮೂರಕ್ಕೆ,
ಏಳು ಡಿಗ್ರಿ ಗಾಳಿಯ ಪಾಲು.
ಆದರೆ ತಿರುವಿನಲ್ಲಿ?
ರೆಕ್ಕೆ ಓರೆಯಾದ ಆ ನಿಮಿಷ
ಗಾಳಿಗೆ ಉತ್ತರವಿಲ್ಲ, ಎತ್ತ ಒಯ್ದರೆ ಅತ್ತ.

ಅದೂ ಮಾವನಿಗೆ ಗೊತ್ತಿತ್ತು.
ಸುಳಿಯಲ್ಲಿ ಹರಗೋಲು ಗಿರಗಿರ ತಿರುಗಿದಾಗ
ಹುಟ್ಟು ಎತ್ತಿ ತೊಡೆಯ ಮೇಲಿಟ್ಟು ಬೀಡಿ ಹಚ್ಚುತ್ತಿದ್ದ.
"ಸುತ್ತೋ ಮುಂದ ಬಡದಾಡಬಾರ್ದು.
ನೆಟ್ಟಗಾಗ್ಲಿ, ಆಮ್ಯಾಲ ಮೂರು ಪಟ್ಟು ಹೊಡಿಯೂಣು."

ಏಳು, ಈ ಗೆರೆಯದು.
ದಾಟಿದ ತಿರುವಿನದು ಏಳು, ಬರುವ ತಿರುವಿನದು ಏಳು.
ಎರಡೂ ತಿರುವುಗಳ ಬಾಕಿಯನ್ನು
ನಡುವಿನ ನೇರ ದಾರಿಯೇ ತೀರಿಸಬೇಕು,
ಅದೂ ನಲವತ್ತೆಂಟು ಸೆಕೆಂಡಿನೊಳಗೆ,
ಯಾಕೆಂದರೆ ಗಾಳಿ ಈಗ ಬೆನ್ನಿಗಿದೆ,
ದೂಡುವ ಅವಸರ ಅದಕ್ಕೆ.
ಮೂಗು ನೂರ ಐವತ್ತೊಂದಕ್ಕೆ.

ಎರಡನೆಯದು ಹೆಚ್ಚಾಯಿತು. ಮೂರನೆಯದು ಒಂದು ಚೂರು ಕಡಿಮೆ.
ಹಿಂದೆ ಹನ್ನೆರಡನೇ ಸಾಲಿನ ಅಜ್ಜರೊಬ್ಬರು
ಗಗನಸಖಿಯನ್ನು ಕೇಳಿದರಂತೆ:
"ಅದೇ ದರೋಜಿ ಕೆರಿ ಮೂರು ಸಲ ಬಂತಲ್ಲವ್ವಾ,
ಡ್ರೈವರಿಗೆ ದಾರಿ ಗೊತ್ತದನೋ ಇಲ್ಲೋ?"

ನಾಲ್ಕನೆಯದರಲ್ಲಿ ಸೂಜಿ ಅಲುಗದೆ ನಿಂತಿತು.
ಒಳಗೆರೆ ಸರಿಯಾಗಿ ಅರವತ್ತು ಸೆಕೆಂಡು,
ಬಿಂದುವಿನ ನೆತ್ತಿಯ ಮೇಲೆ ನಾವು.
ಜರೀನಾ ಗಡಿಯಾರ ಒತ್ತಿದರು, ಏನೂ ಅನ್ನಲಿಲ್ಲ,
ಜೇಬಿನಿಂದ ಹುರಿದ ಶೇಂಗಾ ತೆಗೆದು
ಅರ್ಧ ನನ್ನ ಅಂಗೈಗೆ ಸುರಿದರು.
ಆಗಲೇ ಟವರು: ಧೂಳು ಇಳಿದಿದೆ, ಬನ್ನಿ.
ಗಾಳಿ ದಕ್ಷಿಣಕ್ಕೆ ತಿರುಗಿದೆ.

ಲಾಗ್‌ಬುಕ್ಕಿನಲ್ಲಿ ಬರೆದೆ: ಕಾಯ್ದದ್ದು, ಹದಿನೈದು ನಿಮಿಷ.
ನಾಲ್ಕನೇ ಸುತ್ತಿಗೆ ಅಲ್ಲಿ ಖಾನೆಯಿಲ್ಲ.
ಬೆರಳಿಗಂಟಿದ್ದ ಶೇಂಗಾದ ಕೆಂಪು ಸಿಪ್ಪೆ
ಪುಟದ ಮೇಲೆ ಉದುರಿತು.
ನೇರಕ್ಕೆ ಊದಿದೆ,
ಓರೆಯಾಗಿ ಹೋಯಿತು.