ಹದಿಮೂರು ಅಕ್ಷರ, ಎರಡು ಚುಕ್ಕೆ

ಅಕ್ಷರಕ್ಕೆ ಹದಿನೆಂಟು ಡಾಲರ್ ಎಂದೆ.
ಓಟೀಲಿಯಾ ಕೈಚೀಲ ತೆರೆಯಲಿಲ್ಲ.
ಬೆರಳು ಮಡಚಿ ಎಣಿಸಿದಳು. ಎರಡೂ ಕೈ ಮುಗಿದು
ಮತ್ತೆ ಹೆಬ್ಬೆರಳಿಗೆ ಬಂದು, ಮೂರು ಹೆಚ್ಚು.
"ಅಪ್ಪ ನನಗೆ ಬಿಟ್ಟುಹೋದ ಆಸ್ತಿ ಇದೊಂದೇ,
ಇದಕ್ಕೂ ಬಾಡಿಗೆಯೆ?"

ತ್ಸೌನ್‌ಶ್ಲುಪ್ಫರ್.
ಗಂಟಲಲ್ಲಿ ಮೀನಿನ ಮುಳ್ಳು ನಿಂತ ಹಾಗೆ.
ಮೂವತ್ತು ವರ್ಷದಿಂದ ಸತ್ತವರ ಹೆಸರು ಕೆತ್ತುತ್ತಿದ್ದೇನೆ
ಗ್ಯಾಸ್ಕೊನೇಡ್ ಹೊಳೆಯ ಈ ದಡದಲ್ಲಿ.
ಇಂಥದು ಉಳಿಗೆ ಸಿಕ್ಕಿದ್ದು ಮೂರೇ ಸಲ,
ಮೂರೂ ಇವಳ ಮನೆಯವೇ.
ಫೋನ್ ಪುಸ್ತಕದಲ್ಲಿ ನಾವು ಮಿಲ್ಲರ್‌ಗಳು ಎರಡು ಪುಟ.
ಅವಳದು ಒಂದು ಸಾಲು, ಸಾಲು ಸಾಲದೆ
ಕೊನೆಯ ಅಕ್ಷರ ಕೆಳಗೆ ಜಾರಿ ಕೂತಿದೆ.

ಅರ್ಥ ಏನೆಂದು ಕೇಳಿದೆ.
ಬೇಲಿ ನುಸುಳುವವನು, ಎಂದಳು.
ಅಜ್ಜನ ಪ್ರಕಾರ ಮೂಲಪುರುಷ ಕಳ್ಳ,
ಪಾದ್ರಿಯ ಕೋಳಿಗೂಡಿನ ಹತ್ತಿರ ಸಿಕ್ಕಿಬಿದ್ದವನು.
ಸೋದರತ್ತೆ ಒಪ್ಪುತ್ತಿರಲಿಲ್ಲ:
ಕಳ್ಳನಲ್ಲ, ದಂಡಿಗೆ ಹುಡುಗರನ್ನು ಹಿಡಿಯಲು ಬಂದಾಗ
ಮುಳ್ಳುಪೊದೆ ತೂರಿ ಓಡಿದವನು.
ಆಮೇಲೆ ಯಾರೋ ಓದಿದವರು ಹೇಳಿದರಂತೆ,
ಅದೊಂದು ಹಕ್ಕಿ. ರೆನ್.
ಮುಷ್ಟಿಯಷ್ಟೂ ಇಲ್ಲ, ಬಾಲ ನಿಮಿರಿಸಿಕೊಂಡು
ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದಲ್ಲ, ಅದು.
"ನನಗೆ ಕಳ್ಳನೇ ಇಷ್ಟ," ಎಂದಳು ಓಟೀಲಿಯಾ.

ಹಡಗು ಇಳಿದವರು ಐದು ಮಂದಿ ಗಂಡಸರು.
ಒಬ್ಬ ಕಾಲರಾದಲ್ಲಿ. ಒಬ್ಬ ಕುದುರೆ ಒದ್ದು.
ಕಾನ್ಸಾಸಿಗೆ ಹೋದವನು ಹೆಸರಿನ ತಲೆ ಕಡಿದು
ಬಾಲವನ್ನಷ್ಟೇ ಇಟ್ಟುಕೊಂಡ: ಸ್ಲಿಪರ್.
ಅವನ ಮೊಮ್ಮಕ್ಕಳ ಡೆಸ್ಕಿನ ಮೇಲೆ
ಶಾಲೆಯ ಹುಡುಗರು ದಿನಾ ಹರಿದ ಚಪ್ಪಲಿ ಇಡುತ್ತಿದ್ದರು.

ಹದಿನೆಂಟನೆಯ ಇಸವಿ, ಯುದ್ಧ.
ಇಗರ್ಜಿಯಲ್ಲಿ ಜರ್ಮನ್ ಪ್ರಾರ್ಥನೆ ನಿಂತ ವಾರ
ಅಜ್ಜ ಅಂಚೆಪೆಟ್ಟಿಗೆಯ ಮೇಲೆ ಟಾರು ಬಳಿದ.
ಟಾರಿನ ಕೆಳಗೆ ಉಬ್ಬಕ್ಷರ ಹಾಗೇ ಇತ್ತು.
ಪುಟ್ಟ ಓಟೀಲಿಯಾ ಓದು ಕಲಿತದ್ದು
ಶಾಲೆಗೆ ಹೋಗುವ ಮೊದಲೇ,
ಕಪ್ಪಿನ ಮೇಲೆ ಬೆರಳಾಡಿಸಿ.

ಹ್ಯಾರಿಸ್ ಎಂಬುವನು ಮದುವೆಗೆ ಕೇಳಿದ್ದನಂತೆ,
ಒಳ್ಳೆಯ ಹಲ್ಲು, ಸ್ವಂತ ಟ್ರ್ಯಾಕ್ಟರು.
"ಸಹಿ ಮಾಡಿ ನೋಡಿದೆ, ಓಟೀಲಿಯಾ ಹ್ಯಾರಿಸ್ ಅಂತ.
ಅರ್ಧ ಗಳಿಗೆಯಲ್ಲಿ ಮುಗಿದೇಹೋಯಿತು.
ಉಳಿದ ಹೊತ್ತು ಏನು ಮಾಡಲಿ?"

ಹೋದ ವರ್ಷ ಬ್ರೆಮೆನ್ನಿನ ಹುಡುಗನೊಬ್ಬ
ದ್ರಾಕ್ಷಾರಸ ಕೊಳ್ಳಲು ಬಂದವನು
ಪೆಟ್ಟಿಗೆ ಓದಿ ನಕ್ಕ. ಆಮೇಲೆ ಕಿವಿ ಕೆಂಪಾಯಿತು.
ಒತ್ತಾಯಿಸಿ ಕೇಳಿದಳು.
ಹೆಸರಿನ ಹಿಂದಿನ ಅರ್ಧಕ್ಕೆ ಅಲ್ಲಿ ಈಗ
ಹೆಂಗಸರ ಒಳಚಡ್ಡಿ ಎಂದು ಅರ್ಥವಂತೆ.
ಹೇಳುವಾಗ ಅವಳಿಗೆ ಕೆಮ್ಮು ಬರುವಷ್ಟು ನಗು,
ನನ್ನ ಬೆಂಚಿನ ಕಲ್ಲಪುಡಿಯೆಲ್ಲ ಹಾರಿತು.

ಈಗ ಅವಳೊಬ್ಬಳೇ. ಇಡೀ ದೇಶದಲ್ಲಿ ಎನ್ನುತ್ತಾಳೆ,
ನಾನೇನೂ ಹುಡುಕಿ ನೋಡಿಲ್ಲ.
ಬದುಕಿರುವಾಗಲೇ ಕೆತ್ತಿಸಿಕೊಳ್ಳುತ್ತೇನೆ,
ತಪ್ಪಾದರೆ ಹೇಳುವವರು ಇನ್ಯಾರಿದ್ದಾರೆ?

ಒಂಬತ್ತನೆಯ ಅಕ್ಷರಕ್ಕೆ ಬಂದಾಗ ಉಳಿ ನಿಂತಿತು.
ಅದರ ನೆತ್ತಿಯ ಮೇಲೆ ಎರಡು ಚುಕ್ಕೆ.
"ಅವಕ್ಕೆಷ್ಟು?"

ನನ್ನ ಮುತ್ತಜ್ಜನ ಹೆಸರಿಗೂ ಇದ್ದವು ಎರಡು.
ಈ ಅಂಗಡಿಯ ಬೋರ್ಡು ಬರೆಸುವ ದಿನ
ಬಣ್ಣದವನಿಗೆ ಬೇಡ ಎಂದನಂತೆ.
ಅಂದಿನಿಂದ ನಾವು ಮಿಲ್ಲರ್, ಸುಖವಾಗಿದ್ದೇವೆ,
ನಮ್ಮ ಹೆಸರನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

"ಎರಡು ಇಲ್ಲೇ ಎಲ್ಲೋ ಬಿದ್ದಿವೆ," ಎಂದೆ,
"ನಮ್ಮವು. ಉಪಯೋಗವಿಲ್ಲ. ಹಾಕುತ್ತೇನೆ."

ಅವಳು ಏನೂ ಅನ್ನಲಿಲ್ಲ.
ಕನ್ನಡಕ ತೆಗೆದಿಟ್ಟು, ಟಾರು ಓದಿದ ಅದೇ ಬೆರಳಲ್ಲಿ
ಎಡದ ಗುಳಿ, ಬಲದ ಗುಳಿ ಮುಟ್ಟಿ ನೋಡಿ,
"ಒಂದು ಚೂರು ದಪ್ಪಗಾಯಿತು," ಎಂದಳು.
ಹದಿಮೂರು ಅಕ್ಷರದ ಲೆಕ್ಕ ಚುಕ್ತಾ ಮಾಡಿ
ಬೇಲಿಯ ಕಡೆಯ ಸಣ್ಣ ಬಾಗಿಲಿಂದ ಹೋದಳು.